ಸುಳ್ಳು ಸಾವಿನ ಬೆಲ್ಲ

ಪಂಚಮಿಯ ಆ ಮುಂಜಾನೆ ರಾಯಚೂರಿನ ಮೇಲೆ ಮೋಡ ತೀರ ಕೆಳಗೆ ಇಳಿದಿತ್ತು. ಮಳೆ ಎನ್ನುವಂತಿಲ್ಲ, ಮಳೆಯಿಲ್ಲ ಎನ್ನುವಂತೆಯೂ ಇಲ್ಲ. ಕೃಷ್ಣೆಯ ಕಡೆಯಿಂದ ಬೀಸುವ ಗಾಳಿಯಲ್ಲಿ ಯಾರೋ ಮೇಲೆ ಕೂತು ಹಿಟ್ಟು ಜರಡಿ ಹಿಡಿದಂತೆ ಸಣ್ಣ ಹನಿ. ಬಸ್ ನಿಲ್ದಾಣದ ತುಂಬ ತವರಿಗೆ ಹೊರಟ ಹೆಣ್ಣುಮಕ್ಕಳು. ಒಬ್ಬೊಬ್ಬರ ತೊಡೆಯ ಮೇಲೂ ಒಂದೊಂದು ಡಬ್ಬಿ. ಮುಚ್ಚಳ ಬಿಗಿಯಾಗಿದ್ದರೂ ಶೇಂಗಾ ಉಂಡಿ, ಎಳ್ಳುಂಡಿಯ ವಾಸನೆ ಹೊರಗೆ ಬರುತ್ತಿತ್ತು.

ದೇವದುರ್ಗದ ಬಸ್ಸಿನ ಕಿಟಕಿಯ ಪಕ್ಕ ನೇತ್ರಾವತಿ ಕೂತಿದ್ದಳು. ವಯಸ್ಸು ಐವತ್ತು. ಅವಳ ತೊಡೆಯ ಮೇಲೆ ಡಬ್ಬಿ ಇರಲಿಲ್ಲ. ಕೆಂಪಂಚಿನ ಹಳೆಯ ವಸ್ತ್ರವೊಂದರಲ್ಲಿ ಗಂಟು ಕಟ್ಟಿದ ಬೆಲ್ಲದ ಉಂಡೆ ಇತ್ತು. ಅವಳು ತವರಿಗೆ ಹೊರಟವಳಲ್ಲ. ಅವಳ ತವರು ಮಟಮಾರಿ, ಅದರ ದಾರಿ ಬೇರೆ.

ಕಂಡಕ್ಟರನಿಗೆ ಊರ ಹೆಸರು ಹೇಳಿದ ಕೂಡಲೆ ಮುಂದಿನ ಸೀಟಿನ ಮುದುಕಿ ತಿರುಗಿ ನೋಡಿದಳು. ಮುಖ ನೋಡಿ ಅನುಮಾನಿಸಿದಳು. ಆದರೆ ಕಿವಿ ಸುಳ್ಳು ಹೇಳಲಿಲ್ಲ.

"ಟೀವ್ಯಾಗ ವಾರ್ತೆ ಓದೋ ಅಕ್ಕ ಅಲ್ಲೇನ್ರಿ ನೀವು?"

"ಓದ್ತಿದ್ದೆ ಯವ್ವಾ. ನಿನ್ನೆಗೆ ಮುಗೀತು."

"ಹೌದೇನು? ನಮ್ಮನ್ಯಾಗ ಕೇಬಲ್ ತಗದು ಐದು ವರ್ಷಾತು ನೋಡ್ರಿ. ನೀವು ಇನ್ನೂ ಓದಾಕತ್ತೀರಿ ಅಂತ ಗೊತ್ತಾ ಇದ್ದಿದ್ದಿಲ್ಲ."

ಮುದುಕಿ ಅದನ್ನು ಚುಚ್ಚಿ ಆಡಿದ್ದಲ್ಲ, ಇದ್ದದ್ದನ್ನು ಹೇಳಿದ್ದು. ನೇತ್ರಾವತಿ ನಕ್ಕು ಬೆಲ್ಲದ ಗಂಟನ್ನು ಹನಿಯಿಂದ ಈಚೆಗೆ ಸರಿಸಿಕೊಂಡಳು. ಬಸ್ಸು ಹೊರಟಿತು.

ಇಪ್ಪತ್ತೈದು ವರ್ಷ ಅವಳು ನದಿಸೀಮೆ ವಾಹಿನಿಯಲ್ಲಿ ವಾರ್ತೆ ಓದಿದ್ದಳು. ಜಿಲ್ಲೆಯ ಕೇಬಲ್ ಚಾನೆಲ್ಲು ಅದು. ಗಂಜ್ ರಸ್ತೆಯಲ್ಲಿ ಹತ್ತಿ ವ್ಯಾಪಾರದವರ ಮಾಳಿಗೆಯ ಮೇಲೊಂದು ಕೋಣೆ, ಹೊರಗಿನ ಸದ್ದು ಬರಬಾರದೆಂದು ಗೋಡೆಗೆಲ್ಲ ಹಳೆಯ ಗಾದಿ ಹೊಡೆದಿದ್ದರು. ಓದುವಾಗ ಫ್ಯಾನು ಹಾಕುವಂತಿಲ್ಲ. ರಾಯಚೂರಿನ ಬೇಸಿಗೆ ಎಂಥದೆಂದು ಬಲ್ಲವರೇ ಬಲ್ಲರು. ಮೇಜಿನ ಮೇಲೆ ಇಳಕಲ್ಲ ಸೀರೆ, ಹಣೆಯ ತುಂಬ ಕುಂಕುಮ. ಮೇಜಿನ ಕೆಳಗೆ ಎರಡೂ ಪಾದ ತಣ್ಣೀರಿನ ಬಕೀಟಿನಲ್ಲಿ. ಆ ಬಕೀಟು ತುಂಬಿಡುತ್ತಿದ್ದವಳು ಕಸಗುಡಿಸಿ ಚಹಾ ಮಾಡುವ ನೂರ್ ಬೀ. ನೋಡುವವರಿಗೆ ಮೇಲಿನದಷ್ಟೇ ಕಾಣುತ್ತಿತ್ತು.

ಹಾಳೆ ಕೈಗೆ ಬಂದರೆ ನೇತ್ರಾವತಿ ಅದನ್ನು ಒಮ್ಮೆ ಕಣ್ಣಿಗೊತ್ತಿಕೊಂಡೇ ಓದಲು ಕೂಡುತ್ತಿದ್ದಳು, ರಾಶಿಯ ಮೊದಲ ಮೊರ ಕಾಳನ್ನು ಒತ್ತಿಕೊಳ್ಳುವಂತೆ. ಇದು ಅವಳ ತಂದೆ ಜಂಬಣ್ಣನಿಂದ ಬಂದದ್ದು. ಆತ ಕುರಿ ಕಾಯುವವನು. ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಕಥೆ ಹೇಳುತ್ತಿದ್ದವನು. ಮಗಳು ಟೀವಿಯಲ್ಲಿ ಕಂಡ ಮೊದಲ ದಿನ ಆತ ಬೇರೇನೂ ಹೇಳಲಿಲ್ಲ. ಮಾತು ಅಂದರೆ ಕುರಿ ಇದ್ದಂಗ ತಂಗಿ, ಮುಂಜಾನೆ ಎಷ್ಟು ಹೊರಗ ಬಿಟ್ಟಿ ಅಷ್ಟನ್ನೂ ಹೊತ್ತು ಮುಳುಗೂದರಾಗ ಹಟ್ಟಿಗೆ ತರಬೇಕು, ಒಂದು ಉಳಿದ್ರೂ ತೋಳದ ಪಾಲು ಎಂದಿದ್ದ.

ಅವಳು ಹಾಗೆಯೇ ನಡೆದುಕೊಂಡಳು. ತೆಲುಗು ಹೆಸರನ್ನು ತೆಲುಗಿನವರಂತೆ, ಸಾಬರ ಹೆಸರನ್ನು ಸಾಬರಂತೆ ನುಡಿದಳು. ನೆರೆ ಬಂದ ವರ್ಷ ಎರಡು ಹಗಲು ಬರೀ ಊರುಗಳ ಹೆಸರು ಓದಿದಳು. ಅವಳ ಬಾಯಲ್ಲಿ ತಮ್ಮೂರಿನ ಹೆಸರು ಬಂದರೆ ಜನ ಮತ್ತೇನೂ ಕೇಳದೆ ಗಂಟುಮೂಟೆ ಕಟ್ಟುತ್ತಿದ್ದರು. ಅಷ್ಟು ನಂಬಿಕೆ.

ವಾರ್ತೆಯ ಕೊನೆಗೆ ನಿಧನ ವಾರ್ತೆ ಬರುತ್ತಿತ್ತು. ಸತ್ತವರ ಫೋಟೋ ತೋರಿಸಿ ಹೆಸರು, ಊರು, ವಯಸ್ಸು, ಮಣ್ಣು ಮಾಡುವ ಹೊತ್ತು ಓದುವುದು. ಹಳ್ಳಿಗಳಲ್ಲಿ ಅದು ಮುಗಿಯುವವರೆಗೆ ಊಟದ ಗಂಗಾಳ ಹಾಕುತ್ತಿರಲಿಲ್ಲ. ಬಂಧುಬಳಗದಲ್ಲಿ ಯಾರಾದರೂ ಹೋಗಿದ್ದರೆ ತುತ್ತು ಕೈಯಲ್ಲಿ ಹಿಡಿದು ಕೇಳಬಾರದಲ್ಲ. ಆಕೆ ಕೈಮುಗಿದು 'ನಮಸ್ಕಾರ' ಎಂದ ಮೇಲೆಯೇ ಊಟ.

ಆ ನಿಧನ ವಾರ್ತೆಯಲ್ಲೇ ಒಂದು ಕುರಿ ಹೊರಗೆ ಉಳಿಯಿತು.

ಹದಿನೆಂಟು ವರ್ಷದ ಹಿಂದಿನ ಮಾತು. ಮಾನ್ವಿ ಕಡೆಯ ಬಾಗಲವಾಡದ ಗಡಿಗೆಪ್ಪ ಎಂಬ ರೈತ ಹೊಲದ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದಾಗ ಕಾಗೆಯೊಂದು ಬಂದು ಅವನ ತಲೆಯನ್ನು ಮುಟ್ಟಿ ಹೋಯಿತು. ಕಾಗೆ ತಲೆ ಮುಟ್ಟಿದರೆ ಸಾವಿನ ಕರೆ ಎಂದು ಹಿರಿಯರ ನಂಬಿಕೆ. ಅದಕ್ಕೆ ಪರಿಹಾರವನ್ನೂ ಹಿರಿಯರೇ ಇಟ್ಟಿದ್ದಾರೆ. ಆ ಮನುಷ್ಯ ಸತ್ತನೆಂದು ಮನೆಯ ಹೆಣ್ಣುಮಗಳಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು. ಆಕೆ ಮನಸಾರೆ ಅಳಬೇಕು. ಆ ಕಣ್ಣೀರಿಗೆ ಗಂಡಾಂತರ ತೊಳೆದು ಹೋಗುತ್ತದೆ. ಅತ್ತ ಮೇಲೆ, ಸುದ್ದಿ ತಂದವರೇ ನಿಂತ ಕಾಲ ಮೇಲೆ 'ಸತ್ತಿಲ್ಲ, ಅದಾನ' ಎಂದು ಹೇಳಿ ಆಕೆಯ ಕೈಗೆ ಬೆಲ್ಲ ಕೊಡಬೇಕು. ಯಾವ ಬಾಯಿ ಅಳಿಸಿತೋ ಅದೇ ಬಾಯಿ ಬಿಡಿಸಬೇಕು. ಬೇರೆಯವರು ಹೇಳಿದರೆ ನಡೆಯದು.

ಗಡಿಗೆಪ್ಪನ ತಂಗಿ ಬಸವಂತಮ್ಮನನ್ನು ಕೊಟ್ಟದ್ದು ದೇವದುರ್ಗಕ್ಕೆ. ಹಿಂದಿನ ಕಾಲವಾಗಿದ್ದರೆ ಒಬ್ಬ ಆಳು ಸೊಂಟಕ್ಕೆ ಬೆಲ್ಲ ಕಟ್ಟಿಕೊಂಡು ಹೋಗಿ ಬರುತ್ತಿದ್ದ. ಆದರೆ ಮನೆಗೆ ಆಗಷ್ಟೇ ಮೊಬೈಲು ಬಂದಿತ್ತು. ಬಸ್ಸಿಗೆ ಯಾಕೆ ದಂಡ ಎಂದು ಅಣ್ಣತಮ್ಮಂದಿರು ಸುಳ್ಳು ಸುದ್ದಿಯನ್ನು ಫೋನಿನಲ್ಲೇ ಹೇಳಿದರು. ಫೋನು ಎತ್ತಿದವನು ಬಸವಂತಮ್ಮನ ಗಂಡ. ಆಕೆ ಹೊಲಕ್ಕೆ ಹೋಗಿದ್ದಳು. 'ಗಡಿಗೆಪ್ಪ ಹೋದ' ಎಂಬಲ್ಲಿಗೆ ಲೈನು ಕಡಿದುಹೋಯಿತು. 'ಸುಳ್ಳು' ಎನ್ನುವ ಮಾತು ಬಾಗಲವಾಡದಲ್ಲೇ ಉಳಿಯಿತು. ಮತ್ತೆ ಮತ್ತೆ ಒತ್ತಿದರೂ ಫೋನು ಹತ್ತಲಿಲ್ಲ.

ಆ ಗಂಡ ಬೀಜದ ಅಂಗಡಿಯ ಮರ್ಯಾದಸ್ಥ. ಭಾವನ ಸಾವು ನಾಲ್ಕು ಊರಿಗೆ ತಿಳಿಯಬೇಕೆಂದು ಮದುವೆಯ ಆಲ್ಬಮ್ಮಿನಿಂದ ಫೋಟೋ ಕಿತ್ತು ವಾಹಿನಿಯ ವರದಿಗಾರನಿಗೆ ಕೊಟ್ಟ. ಹೊಲದಿಂದ ಬಂದ ಬಸವಂತಮ್ಮ ಕೈಕಾಲು ತೊಳೆದು ಟೀವಿಯ ಮುಂದೆ ಕೂತಾಗ, ಅವಳಿಗೆ ಹೇಗೆ ಹೇಳುವುದೆಂದು ಗಂಡ ಇನ್ನೂ ಹಿಂದೆ ಮುಂದೆ ನೋಡುತ್ತಿದ್ದ. ಅವನಿಗಿಂತ ಮೊದಲು ನೇತ್ರಾವತಿ ಹೇಳಿದಳು. ಹೆಸರು, ಊರು, ವಯಸ್ಸು. ಒಂದು ಅಕ್ಷರವೂ ತಪ್ಪಲಿಲ್ಲ.

ಬಸವಂತಮ್ಮ ಹೂವು, ಹೊಸ ಬಟ್ಟೆ ಹಿಡಿದು, ಎದೆ ಬಡಿದುಕೊಳ್ಳುತ್ತ ಬಾಗಲವಾಡಕ್ಕೆ ಹೋದಾಗ ಅಣ್ಣ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಊರೆಲ್ಲ ನಕ್ಕಿತು. ಆಕೆಯೂ ಅಳುತ್ತಲೇ ನಕ್ಕಳು. ಆದರೆ ಗಂಗಾಳ ಮುಂದಿಟ್ಟಾಗ ಕೈ ಹಿಂದೆಳೆದಳು. ನಾನು ಅತ್ತದ್ದು ಟೀವಿ ಅಕ್ಕನ ಮಾತು ಕೇಳಿ, ಆಕೆ ಬೆಲ್ಲ ಕೊಡದೆ ಈ ಮನೆಯಲ್ಲಿ ಉಂಡರೆ ಅಣ್ಣನ ತಿಥಿ ಉಂಡಂತೆ ಆದೀತು ಎಂದಳು. ಮೊದಲಿಗೆ ಅದು ಅರ್ಧ ಚೇಷ್ಟೆಯೇ ಇತ್ತು.

ಅದಾಗಿ ನಾಲ್ಕನೆಯ ದಿನ ಗಡಿಗೆಪ್ಪ ಗಂಜ್ ರಸ್ತೆಯ ಮಾಳಿಗೆ ಹತ್ತಿ ಬಂದ. ತಲೆಗೆ ಸುತ್ತಿದ ಕೆಂಪಂಚಿನ ವಸ್ತ್ರ ಬಿಚ್ಚಿ, ಅದರ ತುದಿಗೆ ಕಟ್ಟಿದ್ದ ಬೆಲ್ಲದ ಉಂಡೆಯನ್ನು ವಸ್ತ್ರದ ಸಮೇತ ನೇತ್ರಾವತಿಯ ಮೇಜಿನ ಮೇಲಿಟ್ಟ. ಸಿಟ್ಟು ಮಾಡಲಿಲ್ಲ. ನಿಮ್ಮದೇನೂ ತಪ್ಪಿಲ್ಲ, ಬಂದ ಹಾಳೆ ಓದಿದಿರಿ, ಈಗ ಇವ ಅದಾನ ಅಂತ ಒಂದು ಮಾತು ಓದಿಬಿಡಿ, ಈ ಬೆಲ್ಲ ನಿಮ್ಮ ಕೈಯಿಂದ ನನ್ನ ತಂಗಿಗೆ ಮುಟ್ಟಿಸಿ ಎಂದ. ಆಗಲಿ ಯಪ್ಪಾ ಎಂದಳು ನೇತ್ರಾವತಿ.

ಓದಲಿಲ್ಲ. ಇವತ್ತು ನಾಳೆ ಅನ್ನುವುದರೊಳಗೆ ಬೆಲ್ಲವನ್ನು ನೂರ್ ಬೀ ಏನೂ ತಿಳಿಯದೆ ಚಹಾಕ್ಕೆ ಹಾಕಿ ಮುಗಿಸಿದಳು. ರಾಜ್ಯೋತ್ಸವ ಬಂತು. ಸನ್ಮಾನಕ್ಕೆ ಕೂಡಿಸಿ, ಶಾಲು ಹೊದಿಸಿ, ಒಂದು ತಪ್ಪನ್ನೂ ಓದದ ಬಾಯಿ ಎಂದು ಹೊಗಳಿದರು. ಅವಳು ತಲೆ ತಗ್ಗಿಸಿ ಹಾರ ಹಾಕಿಸಿಕೊಂಡಳು. ಆಮೇಲೆ ಯಾವಾಗಲಾದರೂ ಗಡಿಗೆಪ್ಪ ನೆನಪಾದರೆ, ಮಾಲೀಕರು ಬೇಡ ಅಂದರು, ನಾನೇನು ಮಾಡಲಿ ಎಂದುಕೊಳ್ಳುತ್ತಿದ್ದಳು. ಹಾಗೆ ಅಂದುಕೊಳ್ಳುತ್ತ ಅಂದುಕೊಳ್ಳುತ್ತ ಅದೇ ನಿಜವೆಂದು ನಂಬಿದಳು. ಮನಸ್ಸು ದೊಡ್ಡ ಕಥೆಗಾರ. ಅದು ಮೊದಲು ಕಥೆ ಹೇಳುವುದೇ ತನ್ನ ಯಜಮಾನನಿಗೆ.

ವರ್ಷಗಳು ಕಳೆದವು. ಕೇಬಲ್ಲಿನ ತಂತಿಗಳು ಒಂದೊಂದಾಗಿ ಕಂಬದಿಂದ ಇಳಿದವು. ಎಲ್ಲರ ಕೈಯಲ್ಲೂ ಅವರವರ ಸುದ್ದಿ ಬಂತು. ವಾಹಿನಿಯನ್ನು ಪಂಚಮಿಯ ಹಿಂದಿನ ದಿನಕ್ಕೆ ಮುಚ್ಚುವುದೆಂದು ಈ ವರ್ಷ ಗೊತ್ತಾಯಿತು. ಮೂರು ವಾರದ ಹಿಂದೆ ಮಾನ್ವಿಯಲ್ಲಿ ಅಭಿಮಾನಿಗಳು ಅವಳಿಗೊಂದು ಸನ್ಮಾನ ಇಟ್ಟುಕೊಂಡರು. ಅದೇ ಶಾಲು, ಅದೇ ಹೊಗಳಿಕೆ. ಜನ ಕರಗಿದ ಮೇಲೆ ಕೊನೆಯ ಸಾಲಿನಿಂದ ಒಬ್ಬ ಮುದುಕ ಕೋಲೂರಿ ಎದ್ದು ಬಂದ. ಅವಳಿಗೆ ಗುರುತು ಹತ್ತಲಿಲ್ಲ. ಮುದುಕ ಟೋಪಿ ತೆಗೆದು ಬೋಳುತಲೆ ತೋರಿಸಿದ.

"ಈ ತಲಿ ಮರತ್ರೇನು? ಕಾಗಿ ಮುಟ್ಟಿದ ತಲಿ."

ನೇತ್ರಾವತಿ ಹೊದಿಸಿದ್ದ ಶಾಲನ್ನು ಹೆಗಲಿನಿಂದ ಇಳಿಸಿದಳು.

"ಏನಿಲ್ಲ ಯವ್ವಾ. ನಾ ಇನ್ನೂ ಅದೀನಿ. ಅಷ್ಟು ಹೇಳಿ ಹೋಗೂಣಂತ ಬಂದೆ."

ತಂಗಿಯ ಬಗ್ಗೆ ಅವಳೇ ಕೇಳಬೇಕಾಯಿತು. ಪಂಚಮಿಗೆ ತಪ್ಪದೆ ಬರುತ್ತಾಳೆ ಎಂದ. ನಾಗಪ್ಪನಿಗೆ ಹಾಲೆರೆಯುತ್ತಾಳೆ, ಜೋಕಾಲಿಯ ಹಗ್ಗ ಮುಟ್ಟಿ ನಗುತ್ತಾಳೆ, ಹೊಸ್ತಿಲಾಚೆಯಿಂದಲೇ ಹೋಗುತ್ತಾಳೆ. ಹದಿನೆಂಟು ಪಂಚಮಿಯಾಯಿತು, ತವರಿನ ಹನಿ ನೀರು ಮುಟ್ಟಿಲ್ಲ.

"ಚೇಷ್ಟಿ ಅಂತ ತಿಳಕೊಂಡಿದ್ದೆ. ಅಂಜಿಕಿ ಆಗಿ ಕುಂತದ ಆಕಿಗೆ. ಆಕಿ ಉಂಡ್ರ ನಾ ಸತ್ತ ಹೋಗ್ತೀನಿ ಅಂತ. ಈಗ ಮೊಣಕಾಲು ನೋವು, ಈ ಸಲ ಬರಂಗಿಲ್ಲ ಅಂದಾಳ. ನನಗೂ ಎಪ್ಪತ್ತೆಂಟಾತು. ನಮ್ಮನ್ಯಾಗ ಆಕಿ ಒಂದು ತುತ್ತು ಉಂಡದ್ದು ನೋಡಿದ್ರ ಸಾಕಿತ್ತು."

ಮುದುಕ ಕೈಮುಗಿದು ಹೊರಟುಹೋದ. ಬೆಲ್ಲದ ಮಾತು ಎತ್ತಲಿಲ್ಲ. ಎತ್ತಿದ್ದರೆ ಅವಳಿಗೆ ಇಷ್ಟು ಭಾರವಾಗುತ್ತಿರಲಿಲ್ಲವೇನೋ.

ಮರುದಿನ ಅವಳು ಮಾಲೀಕ ಕೊಟ್ರೇಶನ ಮುಂದೆ ನಿಂತಳು. ಅವಳಿಗಿಂತ ನಾಲ್ಕು ವರ್ಷ ಚಿಕ್ಕವನು, ಮೊದಲಿನಿಂದಲೂ ಅಕ್ಕಾರ ಎಂದೇ ಕರೆಯುವವನು. ಅವತ್ತು ನೀವು ಬೇಡ ಅಂದಿರಿ, ಕೊನೆಯ ವಾರ್ತೆಯಲ್ಲಾದರೂ ಗಡಿಗೆಪ್ಪನ ತಿದ್ದುಪಡಿ ಓದಲು ಬಿಡಿ ಎಂದಳು. ಕೊಟ್ರೇಶ ಅವಳ ಮುಖ ನೋಡಿದ.

"ಅಕ್ಕಾರ, ನಾ ಎಂದ ಬ್ಯಾಡ ಅಂದೆ? ಹಾಳಿ ನಾನ ಬರದು ನಿಮ್ಮ ಮುಂದ ಇಟ್ಟಿದ್ದೆ. ರಾಜ್ಯೋತ್ಸವ ಆಗ್ಲಿ ಕೊಟ್ರೇಶ ಅಂತ ನೀವ ಮಡಚಿ ಇಟ್ರಿ."

ಅವಳು ಇಲ್ಲ ಎನ್ನಲು ಬಾಯಿ ತೆರೆದಳು. ಆಗ ನೆನಪಾಯಿತು. ನಾಲ್ಕು ಮಡಿಕೆ ಮಡಚಿದ ಹಾಳೆ, ಮೇಜಿನ ಒಂದು ಕಾಲು ಗಿಡ್ಡವಿತ್ತು, ಅದರ ಕೆಳಗೆ ಇಟ್ಟಿದ್ದಳು. ಆಮೇಲೆ ಎಷ್ಟೋ ದಿನ ಮೇಜು ಅಲ್ಲಾಡಿರಲಿಲ್ಲ.

ಕೊನೆಯ ವಾರ್ತೆಯ ದಿನ ಅವಳು ಹಾಳೆಯನ್ನು ತಾನೇ ಬರೆದಳು. ಮೊದಲು ಆ ಮೇಜಿನ ಕಾಲಿನ ಕೆಳಗೆ ಕೈಯಾಡಿಸಿದಳು. ಅಲ್ಲಿ ಬರೀ ಧೂಳು ಇತ್ತು. ನಿಧನ ವಾರ್ತೆ ಮುಗಿದ ಮೇಲೆ ಕ್ಯಾಮೆರಾ ನೋಡುತ್ತ ಓದಿದಳು: ಹದಿನೆಂಟು ವರ್ಷಗಳ ಹಿಂದೆ ಬಾಗಲವಾಡದ ಗಡಿಗೆಪ್ಪನವರು ನಿಧನರಾದರೆಂದು ಇದೇ ವಾರ್ತೆಯಲ್ಲಿ ಓದಲಾಗಿತ್ತು, ಅದು ಸುಳ್ಳು, ಅವರು ಇದ್ದಾರೆ, ತಪ್ಪೆಂದು ತಿಳಿದೂ ತಿದ್ದದೆ ಹೋದದ್ದು ನನ್ನ ದೋಷ. ಕೈಮುಗಿದಳು. ದೀಪ ಆರಿತು. ಅರ್ಧ ಗಂಟೆ ಫೋನಿನ ಪಕ್ಕ ಕೂತಳು. ಬಾಗಲವಾಡದಿಂದಲೂ, ದೇವದುರ್ಗದಿಂದಲೂ, ಯಾವ ಊರಿನಿಂದಲೂ ಫೋನು ಬರಲಿಲ್ಲ.

ನೂರ್ ಬೀ ಕೊನೆಯ ಸಲ ಬಕೀಟು ಬೋರಲು ಹಾಕುತ್ತಿದ್ದಳು. ಅಷ್ಟು ವರ್ಷದ ಹಿಂದೆ ತಾನು ಚಹಾಕ್ಕೆ ಹಾಕಿದ್ದು ಯಾವ ಬೆಲ್ಲವೆಂದು ನೇತ್ರಾವತಿ ಹೇಳಿ ಅವಳಿಗೂ ಈ ವಾರವಷ್ಟೇ ತಿಳಿದಿತ್ತು.

"ಓದಿದೆ ನೂರ್ ಬೀ. ಮುಗೀತಲ್ಲ?"

"ಟೀವಿಗೆ ಬಾಯಿ ಅದ ಮೇಡಂ, ಕೈ ಎಲ್ಲಿ ಅದ? ಬೆಲ್ಲ ಹೆಂಗ ಕೊಡ್ತದ?"

ಹೇಳಿ ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ತೊಳೆದು ಮಡಚಿಟ್ಟ ಕೆಂಪಂಚಿನ ವಸ್ತ್ರವಿತ್ತು. ಒರೆಸಲಿಕ್ಕೆ ಬಳಸಲು ಮನಸ್ಸು ಬಂದಿರಲಿಲ್ಲ, ಬೇರೆಯವರ ತಲೆಯ ಮೇಲೆ ಇದ್ದದ್ದು ಎಂದಳು. ತೀನ್ ಕಂದೀಲ್ ಸರ್ಕಲ್ಲಿನ ಅಂಗಡಿಯಿಂದ ತಾನೇ ತಂದಿದ್ದ ಬೆಲ್ಲದ ಉಂಡೆಯನ್ನು ಅದರ ನಡುವೆ ಇಟ್ಟಳು. ತಿಂದವರಲ್ಲಿ ನಾವೆಲ್ಲ ಇದ್ದೇವೆ, ತರುವವಳು ನಾನಿರಲಿ, ಕೊಡುವವರು ನೀವೇ ಆಗಬೇಕು ಎಂದಳು.

ಬಸ್ಸು ಗಬ್ಬೂರು ದಾಟಿತು. ರಸ್ತೆಯ ಎರಡೂ ಕಡೆ ಗೇಣುದ್ದ ಹತ್ತಿ ಗಿಡ ಹನಿಗೆ ತಲೆ ಒಡ್ಡಿ ನಿಂತಿದ್ದವು. ಮುಂದಿನ ಸೀಟಿನ ಮುದುಕಿ ಇಳಿಯುವಾಗ ಡಬ್ಬಿ ತೆರೆದು ಒಂದು ಉಂಡಿ ಕೊಡಲು ಬಂದಳು. ನೇತ್ರಾವತಿ ಕೈಮುಗಿದು, ಮರಳಿ ಬರುವಾಗ ತಿನ್ನುತ್ತೇನೆ ಯವ್ವಾ ಎಂದಳು. ಮುದುಕಿ ಅದನ್ನು ಅವಳ ಚೀಲದೊಳಗೆ ಹಾಕಿಯೇ ಇಳಿದಳು.

ದೇವದುರ್ಗದಲ್ಲಿ ಬೀಜದ ಅಂಗಡಿಯ ಹಿಂದಿನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಸವಂತಮ್ಮಾರು ಅದಾರೇನ್ರಿ ಎಂದಳು ನೇತ್ರಾವತಿ; ಬಾಗಿಲು ತೆಗೆದ ಸೊಸೆ ಯಾರೆಂದು ಕೇಳುವುದರೊಳಗೆ, ಆ ದನಿಯ ಗುರುತು ಹಿಡಿದು ಒಳಗಿನಿಂದ ಮಾತು ಬಂತು.

"ಯಾರಂತ ಕೇಳಬ್ಯಾಡ. ಒಳಗ ಕರಿ."

ಬಸವಂತಮ್ಮ ಹೊರಸಿನ ಮಂಚದ ಮೇಲೆ ಕೂತು ಮೊಣಕಾಲಿಗೆ ಬಿಸಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಮೂಲೆಯಲ್ಲಿ ಹಳೆಯ ಡಬ್ಬಿ ಟೀವಿ. ಅದು ಹಾಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಅದರ ಮೇಲೆ ದೇವರ ಫೋಟೋ, ಪಕ್ಕದಲ್ಲಿ ಗಂಡನ ಫೋಟೋ, ಒಂದು ವಿಭೂತಿ ಗಟ್ಟಿ. ಹದಿನೆಂಟು ವರ್ಷದ ಹಿಂದೆ ಈಕೆ ಅದರ ಮುಂದೆಯೇ ಕೂತಿದ್ದಳು.

"ಕುಂದರ್ರಿ."

ನೇತ್ರಾವತಿ ಕೂಡಲಿಲ್ಲ. ಸುದ್ದಿ ತಂದವರು ಹೇಳುವವರೆಗೆ ಕೂಡಬಾರದು. ಇಪ್ಪತ್ತೈದು ವರ್ಷ ಅಚ್ಚಿನ ಮಾತು ಓದಿದ ಬಾಯಿಗೆ ಮಟಮಾರಿಯ ಮಾತು ತಾನಾಗಿ ಬಂತು.

"ಬಸವಂತಮ್ಮಾರ, ನಿಮ್ಮಣ್ಣ ಗಡಿಗೆಪ್ಪನವರು ಸತ್ತಿಲ್ಲ. ಬಾಗಲವಾಡದಾಗ ಅದಾರ. ನಾ ಹೇಳಿದ್ದು ಸುಳ್ಳು. ಅಳಬ್ಯಾಡ್ರಿ."

ಬಸವಂತಮ್ಮ ಎಣ್ಣೆಯ ಬಟ್ಟಲನ್ನು ಪಕ್ಕಕ್ಕಿಟ್ಟಳು.

"ಹದಿನೆಂಟು ವರ್ಷಾತು. ಬರೂ ದಾರ್ಯಾಗ ಬಸ್ ಕೆಟ್ಟಿತ್ತೇನು?"

"ಬಸ್ ಕೆಟ್ಟಿದ್ದಿಲ್ರಿ. ನಾನ ಹತ್ತಿದ್ದಿಲ್ಲ."

"ಯಾರರ ತಡದಿದ್ರೇನು?"

"ಯಾರೂ ತಡದಿದ್ದಿಲ್ಲ. ಇಕಿ ಬಾಯಾಗ ತಪ್ಪು ಬರಂಗಿಲ್ಲ ಅಂತಿದ್ರು ಮಂದಿ. ಆ ಮಾತು ನನಗ ಬೇಕಾಗಿತ್ತು."

ಹೊರಗೆ ಹನಿ ಸ್ವಲ್ಪ ದಪ್ಪವಾಗಿ ತಗಡಿನ ಮೇಲೆ ಬೀಳುತ್ತಿತ್ತು. ಬಸವಂತಮ್ಮ ಟೀವಿಯ ಮೇಲಿದ್ದ ಗಂಡನ ಫೋಟೋದ ಕಡೆ ನೋಡಿದಳು.

"ಅವರು ಹೋದಾಗನೂ ನೀವ ಓದಿದ್ರಿ. ಅದು ಖರೇ ಇತ್ತು. ಎರಡೂ ಒಂದ ದನೀಲೆ ಓದಿದ್ರಿ ನೋಡ್ರಿ. ಅದಕ್ಕ ನನಗ ಅಂಜಿಕಿ. ನಿಮ್ಮ ಬಾಯಾಗ ಬಂದದ್ದು ಯಾವಾಗ ಖರೇ ಆಗ್ತದೋ ಅಂತ."

ಸಾವಿರಾರು ಮನೆಗಳಲ್ಲಿ ಗಂಗಾಳಗಳು ತನ್ನ ದನಿಗಾಗಿ ಕಾದು ಕೂತಿದ್ದವು ಎಂಬುದು ನೇತ್ರಾವತಿಗೆ ಗೊತ್ತಿತ್ತು. ಬಾಗಲವಾಡದ ಒಂದು ಮನೆಯಲ್ಲಿ ಒಂದು ಗಂಗಾಳ ಇನ್ನೂ ಕಾದು ಕೂತಿದೆ ಎಂಬುದನ್ನು ಮಾತ್ರ ಮರೆತಿದ್ದಳು. ತಂದೆ ಹೇಳಿದ ತೋಳ ಯಾವುದೆಂದು ಅವಳಿಗೆ ಈಗ ಕಂಡಿತು. ಅದು ಹಟ್ಟಿಯ ಹೊರಗೆ ಇರಲಿಲ್ಲ.

ಅವಳು ಗಂಟನ್ನು ಮುಂದೆ ಹಿಡಿದಳು. ಬಸವಂತಮ್ಮನ ಕಣ್ಣು ಬೆಲ್ಲಕ್ಕಿಂತ ಮೊದಲು ವಸ್ತ್ರದ ಅಂಚಿನ ಮೇಲೆ ಬಿತ್ತು.

"ಇದು ನಮ್ಮಣ್ಣಂದು."

"ಹೌದ್ರಿ. ಅವರ ಬೆಲ್ಲ ಚಹಾದಾಗ ಕುಡದ್ವಿ. ವಸ್ತ್ರ ಉಳದಿತ್ತು."

ಬಸವಂತಮ್ಮನ ತುಟಿಯ ಕೊನೆಯಲ್ಲಿ ನಗೆಯೊಂದು ಬಂದು ಹೋಯಿತು. ಸೊಸೆಯ ಕಡೆ ತಿರುಗಿ, ಹಸಿರು ಸೀರೆ ತೆಗೆದಿಡು, ಮಾನ್ವಿ ಬಸ್ಸು ಎಷ್ಟೊತ್ತಿಗೆ ಅದ ಕೇಳು, ಬಾಗಲವಾಡಕ್ಕ ಫೋನ್ ಹಚ್ಚಿ ಊಟಕ್ಕ ಬರ್ತೀನಿ ಅಂತ ಹೇಳು ಎಂದಳು. ಬಾಗಿಲ ಬಳಿ ಹೋದ ಸೊಸೆಯನ್ನು ಮತ್ತೆ ಕರೆದು, ಪೂರಾ ಹೇಳಿ ಆಮ್ಯಾಲ ಇಡು ಎಂದು ಸೇರಿಸಿದಳು.

ಆಮೇಲೆ ಎಣ್ಣೆಯ ಕೈಯನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು, ಬಲಗೈ ಚಾಚಿದಳು. ನೇತ್ರಾವತಿ ಗಂಟು ಬಿಚ್ಚಿ, ಬೆಲ್ಲವನ್ನು ಒಮ್ಮೆ ಕಣ್ಣಿಗೊತ್ತಿಕೊಂಡು, ಆ ಅಂಗೈಯ ಮೇಲೆ ಇಟ್ಟಳು.